ಅಪೊಲೋನಿಯಾಳ ಪಾಲಿನ ಪತ್ರ

ಪ್ರಾರ್ಥನೆ ಮುಗಿದೊಡನೆ ಸಭೆಯ ಹಿರಿಯ ಫೈಟ್ ಪತ್ರದ ಅರಗು ಮುರಿದೇಬಿಟ್ಟ. ಪೋಪನನ್ನು ಎದುರುಹಾಕಿಕೊಂಡು ಮದುವೆಯಾದ ಪಾದ್ರಿ ಎಯೋಬಾಲ್ಡ್ ಪರವೂರಿನಿಂದ ಬರೆದದ್ದನ್ನೆಲ್ಲ ಚರ್ಚಿನಲ್ಲಿ ಓದುವುದು ವಾಡಿಕೆ. ಹೆಂಡತಿ ಅಪೊಲೋನಿಯಾಳಿಗೆ ತನ್ನದೆಂಬ ಒಂದು ಸಾಲೂ ಈವರೆಗೆ ದಕ್ಕಿರಲಿಲ್ಲ.

“‘ಪ್ರಿಯೆ, ಇಲ್ಲಿನ ಬಿಯರು ಬರೀ ನೀರು. ಹಾಸಿಗೆಯಲ್ಲಿ ಚಳಿಗೆ ಕಾಲು ಮರಗಟ್ಟುತ್ತದೆ, ನಿನ್ನ ಬೆಚ್ಚನೆಯ...’” ಫೈಟನ ಕಿವಿ ಕೆಂಪಾಯಿತು.

“ಯಾಕಪ್ಪಾ ನಿಲ್ಲಿಸ್ದೆ? ಓದು,” ಎಂದಳು ಮುಂದಿನ ಬೆಂಚಿನ ಗರ್ಟ್ರೂಡಜ್ಜಿ.

“ಮುಂದೆ ಬರೀ ಧರ್ಮಸೂಕ್ಷ್ಮ ಅಜ್ಜಿ. ನಿಮಗೆ ಅರ್ಥ ಆಗಲ್ಲ.”

“ಏಳು ಹೆತ್ತೋಳು ಕಣೋ ನಾನು. ನಂಗೆ ಅರ್ಥ ಆಗಲ್ವಾ?”

ಚರ್ಚು ಗೊಳ್ಳೆಂದು ನಕ್ಕಿತು. ಅಪೊಲೋನಿಯಾ ನಗುತ್ತಲೇ ಎದ್ದು ಹೋಗಿ ಕೈಚಾಚಿದಳು.

“ಆ ಧರ್ಮಸೂಕ್ಷ್ಮ ಇತ್ತ ಕೊಡಿ, ಹಿರಿಯರೇ. ಮನೇಲಿ ಕದ ಹಾಕ್ಕೊಂಡು ಓದ್ಕೋತೀನಿ.”

ಬಿಸಿ ಕೆಂಡ ದಾಟಿಸಿದವನಂತೆ ಪತ್ರ ಕೊಟ್ಟು, ಫೈಟ್ ನಿಟ್ಟುಸಿರಿಟ್ಟ.