ದೂರದ ಹುದ್ದೆ

ಇಪ್ಪತ್ತು ವರ್ಷ ಪಕ್ಷಕ್ಕಾಗಿ ಮನೆಮನೆ ಅಲೆದು ಮತ ಕೇಳಿದ್ದ ಹಾರ್ಲನ್, ಆ ಪಕ್ಷದವರೇ ಅಧ್ಯಕ್ಷರಾದ ಮೇಲೆ ಸರ್ಕಾರಿ ಹುದ್ದೆಗಾಗಿ ವಾಷಿಂಗ್ಟನ್ನಿಗೆ ಬಂದು, ತನ್ನ ರಾಜ್ಯದ ಸೆನೆಟರ ಕಚೇರಿಯ ಬೆಂಚಿನ ಮೇಲೆ ಐದು ತಿಂಗಳು ಒಬ್ಬನೇ ಕಾದ. ಕೊನೆಗೊಂದು ದಿನ ಸೆನೆಟರೇ ಒಳಗೆ ಕರೆದು ನೇಮಕದ ಆದೇಶ ಕೈಗಿತ್ತರು. ಪೆಸಿಫಿಕ್ ಸಾಗರದ ನಡುವಿನ ದ್ವೀಪವೊಂದರಲ್ಲಿ ಅಮೆರಿಕ ಸರ್ಕಾರದ ಪ್ರತಿನಿಧಿ, ಕಾನ್ಸಲ್!

ಹಾರ್ಲನ್ ಆದೇಶವನ್ನು ಎರಡು ಸಲ ಓದಿದ. “ನನ್ನನ್ನ ಮರೆತೇಬಿಟ್ರಿ ಅಂದ್ಕೊಂಡಿದ್ದೆ, ಸರ್.”

“ಮರೆತೇ ಇದ್ದೆ. ನಿಮ್ಮ ಹೆಂಡತಿ ಮೂರು ಕಾಗದ ಬರೆದು ನೆನಪಿಸಿದ್ರು.”

“ಎಡ್ನಾ? ನನಗೇ ಒಂದು ಸಾಲು ಬರೆದಿಲ್ಲ ಅವಳು!” ಎಷ್ಟೋ ದಿನಗಳ ಮೇಲೆ ಅವನು ನಕ್ಕ. “ಆದ್ರೆ ಸಮುದ್ರ ಅಂದ್ರೆ ಹೆದರ್ತಾಳೆ. ನಮ್ಮೂರ ಕಡೆ ಏನೂ ಖಾಲಿ ಇಲ್ವಾ, ಸರ್?”

ಸೆನೆಟರು ಕನ್ನಡಕ ತೆಗೆದು ಒರೆಸತೊಡಗಿದರು.

“ನಿಮ್ಮೂರ ಅಂಚೆ ಮಾಸ್ತರ ಹುದ್ದೆಯನ್ನೇ ಕೊಡೋಣ ಅಂತಿದ್ದೆ. ನಿಮ್ಮ ಹೆಂಡತಿಯೇ ಬೇಡ ಅಂದ್ರು. ಎಷ್ಟು ದೂರವಾದ್ರೂ ಸರಿ, ಹಡಗಿನ ಟಿಕೆಟ್ ಮಾತ್ರ ಒಂದೇ ಸಾಕು ಅಂತ ಬರೆದ್ರು.”