ಕಾಣಿಕೆಯ ಗುಡಿ

"ಕೈ ಮುಂದೆ ಚಾಚಿ, ಯಜಮಾನ್ರೇ! ದೇವಮಾತೆಗೆ ಗುಡಿ ಕೊಡ್ತಿದೀರೋ, ಕಳ್ಳರಿಗೆ ಹೆದರಿ ಬಚ್ಚಿಡ್ತಿದೀರೋ?"

ಹಸಿ ಗಾರೆಯ ಗೋಡೆಗೆ ದಾನಿಯ ಚಿತ್ರ ಬರೆಯುತ್ತಿದ್ದ ಸನ್ಯಾಸಿ ಎಫ್ರೆಮ್ ಅಟ್ಟಣೆಯ ಮೇಲಿಂದ ಗದರಿದ. ಕೆಳಗೆ ಕಸ್ತೋರಿಯಾ ಊರಿನ ತುಪ್ಪಳದ ವ್ಯಾಪಾರಿ ಕೊನೋನ್, ತಾನು ಕಟ್ಟಿಸಿದ ಮಠದ ಗುಡಿಯ ಮರದ ಮಾದರಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಅಕ್ರೋಟ ಮರದ್ದು, ಗೋಪುರ ಸಮೇತ, ಒಳ್ಳೇ ಭಾರ.

"ಜನ್ಮದಲ್ಲಿ ಕೊಟ್ಟು ಅಭ್ಯಾಸ ಇದ್ರೆ ತಾನೇ, ಸ್ವಾಮಿ," ಎಂದಳು ಕಂಬಕ್ಕೆ ಒರಗಿ ನಿಂತಿದ್ದ ಹೆಂಡತಿ ಥೆಕ್ಲಾ.

"ನೀನು ಸುಮ್ನಿರೇ. ಕೈ ಬಿದ್ದುಹೋಗ್ತಿದೆ ನನಗೆ."

ಥೆಕ್ಲಾ ಗೋಡೆಯತ್ತ ನೋಡಿದಳು. ಈ ಗೋಡೆಯ ಮೇಲೆ ಯಾರ ಚಿತ್ರವಿರುತ್ತದೋ ಅವರಿಗಾಗಿ ಸನ್ಯಾಸಿಗಳು ಪ್ರತಿ ಶನಿವಾರ ಪ್ರಾರ್ಥನೆ ಮಾಡುತ್ತಾರೆ. ಮಠ ಇರುವವರೆಗೂ ಮಾಡುತ್ತಾರೆ. ಮಕ್ಕಳಿಲ್ಲದ ಅವಳನ್ನು ಸತ್ತ ಮೇಲೆ ನೆನೆಯುವವರು ಬೇರೆ ಯಾರಿದ್ದಾರೆ? ಗೋಪುರ ಎದ್ದದ್ದೇ ಅವಳ ತವರಿನ ದ್ರಾಕ್ಷಿತೋಟ ಮಾರಿ. ತನ್ನನ್ನೂ ಬರೆಸಿ ಎಂದು ಅವಳು ಕೇಳಿದ್ದಕ್ಕೆ ಕೊನೋನ್ ಬೆಳಿಗ್ಗೆ ಹೇಳಿದ್ದು ಒಂದೇ ಮಾತು: "ಗುಡಿ ಹಿಡಿಯೋಕೆ ಒಬ್ಬ ಸಾಕು ಕಣೇ." ಕೆಟ್ಟವನೇನಲ್ಲ, ಇಂಥದ್ದು ಅವನಿಗೆ ಹೊಳೆಯುವುದಿಲ್ಲ, ಅಷ್ಟೆ. ಆದರೂ ಥೆಕ್ಲಾ ಮದುವೆಯ ಕೆಂಪು ನಿಲುವಂಗಿ ತೊಟ್ಟು, ಅದರ ಮೇಲೆ ಹಳೆಯ ಶಾಲು ಹೊದ್ದು ಬಂದಿದ್ದಳು. ಆಸೆ ಎನ್ನುವುದು ಹೇಳಿದ ಮಾತು ಕೇಳುತ್ತದೆಯೇ?

"ಗಾರೆ ಆರ್ತಾ ಇದೆ," ಎಂದ ಎಫ್ರೆಮ್. "ಒಣಗಿದ ಮೇಲೆ ಬಣ್ಣ ಹಿಡಿಯಲ್ಲ. ಚಾಚಿ, ಇನ್ನೂ ಚಾಚಿ!"

ಕೊನೋನ್ ಹಲ್ಲು ಕಚ್ಚಿ ಚಾಚಿದ. ಗುಡಿ ಒಂದು ಕಡೆಗೆ ವಾಲಿತು. ಇನ್ನೇನು ಹಸಿ ಗೋಡೆಗೆ ಬಡಿದು ಮಾಡಿದ ಕೆಲಸವೆಲ್ಲ ಮಣ್ಣುಪಾಲು ಎನ್ನುವಷ್ಟರಲ್ಲಿ ಥೆಕ್ಲಾ ಓಡಿಬಂದು ಎದುರಿನಿಂದ ಎರಡೂ ಅಂಗೈ ಕೊಟ್ಟು ಅದರ ಬುಡವನ್ನು ಹಿಡಿದಳು. ಶಾಲು ಜಾರಿ ನೆಲಕ್ಕೆ ಬಿತ್ತು, ಕೆಂಪು ನಿಲುವಂಗಿ ಹೊರಗೆ ಕಂಡಿತು.

"ಇಬ್ರೂ ಅಲ್ಲಾಡಬೇಡಿ!" ಎಂದು ಎಫ್ರೆಮ್ ಕೂಗಿ ಕುಂಚವನ್ನು ಕೆಂಪಿಗೆ ಅದ್ದಿದ.

"ಅಲ್ಲ ಸ್ವಾಮಿ, ಇವಳು..." ಎಂದ ಕೊನೋನ್.

"ಇವರು ಕೈ ತೆಗೆದರೆ ನೀವೇ ಹಿಡ್ಕೋತೀರಾ?"

ಕೊನೋನ್ ಹೆಂಡತಿಯನ್ನು ನೋಡಿದ, ಬಹಳ ದಿನಗಳ ಮೇಲೆ ಸರಿಯಾಗಿ ನೋಡಿದ. "ಇದು ನಮ್ಮ ಮದುವೇದಲ್ವೇನೇ?"

"ಈಗ ಕಾಣಿಸ್ತಾ?" ಎಂದಳು ಥೆಕ್ಲಾ. ಕೋಪ ಮಾಡಿಕೊಳ್ಳಬೇಕೆಂದಿದ್ದಳು, ನಗು ಬಂದುಬಿಟ್ಟಿತು. ಕೈ ನೋಯುತ್ತಿತ್ತು, ಆದರೂ ಬೇಗ ಮುಗಿಯದಿರಲಿ ಎಂದುಕೊಂಡಳು.

ಮಧ್ಯಾಹ್ನಕ್ಕೆ ಎಫ್ರೆಮ್ ಇಳಿದು ಬಂದು, ಬಕೆಟ್ಟಿನಲ್ಲಿ ಕೈ ತೊಳೆದುಕೊಂಡ. ಕೊನೋನ್ ಗೋಡೆಯನ್ನು ಅಳೆಯುವವನ ಹಾಗೆ ನೋಡುತ್ತ ಕೇಳಿದ: "ಒಬ್ಬನ ಚಿತ್ರಕ್ಕೆ ಬೆಳಿಗ್ಗೇನೇ ಇಷ್ಟಗಲ ಗಾರೆ ಮೆತ್ತಿದ್ರಲ್ಲ, ಯಾಕೆ?"

"ಕಲಸಿದ್ದು ಹೆಚ್ಚಾಗಿತ್ತು," ಎಂದು ಸನ್ಯಾಸಿ ಬೇರೆ ಕಡೆಗೆ ಮುಖ ತಿರುಗಿಸಿದ.

ಗೋಡೆಯ ಮೇಲೆ ಗಂಡ ಹೆಂಡತಿ ಎದುರುಬದುರು ನಿಂತಿದ್ದರು. ನಡುವೆ ಪುಟ್ಟ ಗುಡಿ, ಮೇಲಿನಿಂದ ದೇವಮಾತೆಯ ಕೈ. ಕೊನೋನ್ ಹತ್ತಿರ ಹೋದ, ಹಿಂದೆ ಸರಿದ, ಕೊನೆಗೆ ತಲೆ ಕೆರೆದುಕೊಂಡ.

"ನೋಡೇ, ಭಾರ ಎಲ್ಲ ನಿನ್ನ ಕೈಮೇಲೇ ಇದೆ. ನಾನು ಸುಮ್ನೆ ಬೆರಳು ತಾಗಿಸ್ಕೊಂಡು ನಿಂತ ಹಾಗಿದೆ!"

ಥೆಕ್ಲಾ ನೆಲದ ಮೇಲಿದ್ದ ಶಾಲನ್ನು ಎತ್ತಿ ಕೊಡವಿದಳು. ಹೊದೆಯದೆ ಅದನ್ನು ಮಡಿಸಿ, ಗಂಡನ ಕೈಯಲ್ಲಿ ಇಟ್ಟಳು.

"ಸ್ವಾಮಿಗಳು ಕಂಡಿದ್ದನ್ನ ಬರೀತಾರೆ ಕಣ್ರೀ."