ಸತ್ತ ಹೊಳೆಯ ಮೇಲೊಂದು ಟೋಪಿ

"ಎರಡನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಎದ್ದು ಬಂದಿರಬೇಕು, ಇವನು ಸರ್ಕಾರದ ನಕ್ಷೆ ತಿದ್ದೋಕೆ ನಿಂತಿದ್ದಾನೆ, ನೋಡ್ರಯ್ಯ. ಹೋಗೋ, ಮೊದಲು ಮೈ ತೊಳ್ಕೊಂಡು ಬಾ. ನೀನು ಬಾಯಿ ಬಿಡೋ ಮುಂಚೆ ನಿನ್ನ ನಾತ ಬಂದು ಮಾತಾಡ್ತಿದೆ."

ಅಳತೆಯ ಅಧಿಕಾರಿ ಲಾಹಿರಿ ಬಾಬು ಹೀಗೆಂದಾಗ ಕಾಶ್‌ಡಾಂಗಾದ ಅರ್ಧ ಊರು ಪಡುವಣ ದಡದ ಮೇಲಿತ್ತು. ಇಬ್ಬರು ಪೊಲೀಸರು ನಕ್ಕರು. ಅವರು ನಕ್ಕರಲ್ಲ ಅಂತ ಊರಿನವರಲ್ಲೂ ಒಂದಿಬ್ಬರು ನಕ್ಕರು. ಪಾಂಚು ಮಂಡಲ್ ಎದೆಮಟ್ಟದ ನೀರಿನಲ್ಲಿ ನಿಂತು, ಕೊಳೆತ ಸೆಣಬಿನಿಂದ ನಾರು ಬಿಡಿಸುತ್ತಿದ್ದ. ನಾತ ಬರುತ್ತಿದ್ದುದು ನಿಜ. ಭಾದ್ರ ಮಾಸದಲ್ಲಿ ಬಂಗಾಳದ ಯಾವ ಹಳ್ಳಿಗೆ ಕಾಲಿಟ್ಟರೂ ಇದೇ ನಾತ. ಬಾಬುಗಳ ಮಕ್ಕಳು ಕಲ್ಕತ್ತೆಯಲ್ಲಿ ಓದುವುದು ಈ ನಾತದ ದುಡ್ಡಿನಲ್ಲೇ.

ದೇಶ ಎರಡಾಗಿ ಮೂರು ವಾರವಾಗಿತ್ತು. ಈ ಭಾಗದಲ್ಲಿ ಹೊಳೆಯೇ ಗಡಿ, ಪಡುವಣ ದಡ ಹಿಂದೂಸ್ತಾನ, ಮೂಡಣ ದಡ ಪಾಕಿಸ್ತಾನ ಎಂದು ದೊಡ್ಡವರು ಬರೆದು ಮುಗಿಸಿದ್ದರು. ಲಾಹಿರಿ ಬಾಬು ಮೂವತ್ತು ವರ್ಷ ಹಳೆಯ ನಕ್ಷೆ ಹಿಡಿದು ಬಂದ. ನಕ್ಷೆಯಲ್ಲಿ ಹೊಳೆ ಕಾಶ್‌ಡಾಂಗಾದ ನಟ್ಟನಡುವೆ ಹರಿದಿತ್ತು, ಕಣ್ಣೆದುರಿಗೂ ದಡ ತುಂಬಾ ನೀರಿತ್ತು. ಇನ್ನೇನು ಬೇಕು, ಬಿದಿರುಗಳಕ್ಕೆ ಕೆಂಪು ಬಟ್ಟೆ ಕಟ್ಟಿಸಿ ನೆಡಿಸಿಬಿಟ್ಟ. ಆ ಗಳ ಅಲ್ಲೇ ನಿಂತರೆ ಪಾಂಚುವಿನ ಹೊಲ ಒಂದು ದೇಶ. ಮೂಡಣ ದಡದ ಅವನ ಮನೆ, ಮನೆಯಲ್ಲಿ ಅನ್ನಕ್ಕಿಟ್ಟು ಕಾಯುತ್ತಿರುವ ತಾಯಿ ಇನ್ನೊಂದು ದೇಶ. "ಬಾಬು, ಇದು ಹೊಳೆ ಅಲ್ಲ" ಎಂದು ಅವನು ನೀರಿನೊಳಗಿಂದ ಕೂಗಿ ಹೇಳಿದ್ದಕ್ಕೆ ಸಿಕ್ಕಿದ ಮರ್ಯಾದೆಯೇ ಆ ನಾತದ ಮಾತು.

"ಆಚೆ ದಡದಲ್ಲಿ ಮಸೀದಿ, ಈಚೆ ದಡದಲ್ಲಿ ಕಾಳಿ ಗುಡಿ" ಎಂದು ಲಾಹಿರಿ ಬಾಬು ಜನರ ಕಡೆ ತಿರುಗಿದ. "ದೇವರೇ ಗೆರೆ ಎಳೆದಿಟ್ಟಿದ್ದಾನೆ. ನನ್ನದೇನಿದೆ ಇದರಲ್ಲಿ?"

ಮುದುಕ ಮೊಕ್ಸೆದ್ ಚಾಚಾ ಗಡ್ಡ ಕೆರೆದುಕೊಂಡ. "ಮಸೀದಿಗೆ ಹೋಗೋ ನಾನು ಈಚೆ ಇದ್ದೀನಿ, ಗುಡಿಗೆ ಬರೋ ಪಾಂಚು ಆಚೆ ಇದ್ದಾನೆ. ದೇವರು ಸ್ವಲ್ಪ ಅವಸರ ಮಾಡಿದ ಅಂತ ಕಾಣುತ್ತೆ, ಬಾಬು."

"ಹಾಗಾದ್ರೆ ಮನೆ ಬದಲಾಯ್ಸು."

"ನಮ್ಮಾಕೆ ಗೋರಿ ಹಿತ್ತಲಲ್ಲಿದೆ. ಅವಳನ್ನೂ ಎಬ್ಬಿಸ್ಕೊಂಡು ಹೋಗ್ಲಾ?"

ಈ ಸಲ ಪೊಲೀಸರು ನಗಲಿಲ್ಲ. ಪಾಂಚು ಕೈಯಲ್ಲಿದ್ದ ನಾರನ್ನು ಅಲ್ಲೇ ಬಿಟ್ಟು ದಡ ಹತ್ತಿದ. ಮೈಯಿಂದ ಕಪ್ಪು ನೀರು ಇಳಿಯುತ್ತಿತ್ತು. ನೇರ ಬಾಬು ನಕ್ಷೆ ಹರಡಿ ಕೂತಿದ್ದ ಮೇಜಿನ ಮುಂದೆ ಬಂದು ನಿಂತ.

"ಹೊಳೆ ನಾನು ಹುಟ್ಟೋ ಮುಂಚೆನೇ ದಾರಿ ಬದಲಾಯ್ಸಿದೆ ಬಾಬು. ಮೂಡಲಿಗೆ ಒಂದು ಹರದಾರಿ ಆಚೆ ಹರೀತಿದೆ, ನಡೀರಿ, ತೋರಿಸ್ತೀನಿ. ಇದು ಸತ್ತ ಹೊಳೆ. ಮಳೆಗೆ ತುಂಬ್ಕೊಂಡಿದೆ, ಅಷ್ಟೆ."

"ಇಷ್ಟಗಲ ನೀರು ಸತ್ತಿದ್ದಾ?"

"ಬದುಕಿದ್ರೆ ಇದರಲ್ಲಿ ಸೆಣಬು ಕೊಳೆಹಾಕ್ತಿದ್ವಾ? ಹರಿಯೋ ನೀರಿಗೆ ಹಾಕಿದ ಕಟ್ಟು ಬೆಳಗಾಗೋದರೊಳಗೆ ಪಕ್ಕದೂರಿನೋರ ಪಾಲು. ನಮ್ಮೂರಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು."

"ನಕ್ಷೆ ಮಾಡಿದವರು ನಿನ್ನ ಹಾಗೆ ಕೂಸುಗಳಲ್ಲ."

ಪಾಂಚು ನಕ್ಷೆ ಹಾರದಂತೆ ಅದರ ಮೇಲಿಟ್ಟಿದ್ದ ಬಾಬುವಿನ ಬಿಳಿ ಟೋಪಿಯನ್ನು ಎತ್ತಿಕೊಂಡು ನೀರಿಗಿಳಿದ. ಪೊಲೀಸನೊಬ್ಬ ಲಾಠಿ ಎತ್ತಿ ಓಡಿಬಂದ.

"ಹೊಡೆದ್ರೆ ಟೋಪಿ ವಾಪಸ್ ತರೋರು ಯಾರು ಜಮಾದಾರರೇ?" ಎಂದ ಮೊಕ್ಸೆದ್ ಚಾಚಾ. "ನಿಮಗೆ ಈಜು ಬರುತ್ತಾ?"

ಲಾಠಿ ಅಲ್ಲೇ ನಿಂತಿತು. ಪಾಂಚು ಕೊರಳುಮಟ್ಟ ನೀರು ಬರುವವರೆಗೆ ನಡೆದು, ಟೋಪಿಯನ್ನು ದೋಣಿಯ ಹಾಗೆ ಅಂಗಾತ ಮಾಡಿ ನೀರಿನ ಮೇಲಿಟ್ಟು, ಕೈ ತೆಗೆದು ಹಿಂದೆ ಬಂದ. ಇದ್ದ ಗಾಳಿಯೂ ಈಗ ಎಲೆ ಅಲುಗದಷ್ಟು ಸತ್ತಿತ್ತು.

"ಒಂದು ಸಿಗರೇಟು ಹಚ್ಚಿ ಬಾಬು. ಅದು ಮುಗಿಯೋದರೊಳಗೆ ಟೋಪಿ ಒಂದು ಮೊಳ ತೇಲ್ಕೊಂಡು ಹೋದ್ರೆ ನಿಮ್ಮ ಗಡಿಕಲ್ಲು ನಾನೇ ಹೊತ್ತು ತಂದು ನೆಡ್ತೀನಿ."

ಲಾಹಿರಿ ಬಾಬು ಸಿಗರೇಟು ಹಚ್ಚಿದ್ದು ಆ ಮಾತಿಗಲ್ಲ, ಕೈಗೆ ಬೇರೆ ಕೆಲಸ ತೋಚದೆ. ಟೋಪಿ ಇಟ್ಟಲ್ಲೇ ಇತ್ತು. ಒಂದು ಏರೋಪ್ಲೇನ್ ಚಿಟ್ಟೆ ಬಂದು ಅದರ ಅಂಚಿನ ಮೇಲೆ ಕೂತಿತು, ಎದ್ದಿತು, ಅದೇ ಜಾಗಕ್ಕೆ ಬಂದು ಮತ್ತೆ ಕೂತಿತು. ಬೆಂಕಿ ಬೆರಳಿಗೆ ತಾಗಿದಾಗ ಬಾಬು ಸಿಗರೇಟು ಬಿಸಾಡಿದ. ನಕ್ಷೆ ನೋಡಿದ, ನೀರು ನೋಡಿದ, ಮತ್ತೆ ನಕ್ಷೆ ನೋಡಿದ. ಆಮೇಲೆ ಪೆನ್ಸಿಲ್ ತೆಗೆದು ನಕ್ಷೆಯ ಹೊಳೆಗೆ ಅಡ್ಡ ಒಂದು ಗೀಟು ಎಳೆದ.

"ಕೀಳ್ರೋ ಆ ಗಳಾನ" ಎಂದ, ಯಾರ ಮುಖವನ್ನೂ ನೋಡದೆ. "ನಾಳೆ ಮೂಡಲಿಗೆ ಹೋಗಿ ನೋಡೋಣ."

ಗಳ ಕೀಳುವ ಸದ್ದಿಗೆ ಊರಿಗೆ ಊರೇ ಉಸಿರು ಬಿಟ್ಟಿತು. ಪಾಂಚು ಬಿಟ್ಟಿದ್ದ ನಾರನ್ನು ಹಿಂಡಿ, ಸುತ್ತಿ, ಹೆಗಲಿಗೆ ಹಾಕಿಕೊಂಡ. ಮನೆಗೆ ಹೋಗುವ ಹೊತ್ತಾಗಿತ್ತು.

"ಏಯ್, ಏನೋ ನಿನ್ನ ಹೆಸರು?" ಲಾಹಿರಿ ಬಾಬುವಿನ ದನಿ ಹಳೆಯ ಎತ್ತರಕ್ಕೆ ಏರಿತು. "ಆ ಟೋಪಿ ತಂದುಕೊಡು."

ಪಾಂಚು ನೀರಿಗಿಳಿದ. ಎದೆ, ಕೊರಳು, ನಡು ಹೊಳೆ. ಟೋಪಿ ಅವನ ಬಲಗೈಗೆ ಒಂದು ಗೇಣು ದೂರದಲ್ಲಿತ್ತು. ಅವನು ಅದನ್ನು ದಾಟಿ ಮುಂದೆ ನಡೆದ. ಮೂಡಣ ದಡ ಹತ್ತಿದ, ಬಾಳೆಗಿಡಗಳ ಸಂದಿನಲ್ಲಿ ಮನೆಯ ದಾರಿ ಹಿಡಿದ. ಅವನು ಹಾದುಹೋದ ಅಲೆಗೆ ಟೋಪಿ ಒಮ್ಮೆ ಅಲುಗಿತು, ಮತ್ತೆ ಇದ್ದಲ್ಲೇ ನಿಂತಿತು.